ಕೋಳಿ ಕೂರಿಸುವ ತರಬೇತಿ

ಪಾಪಮ್ಮ ಯಾವುದನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟರೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಓದಲು ಬರುತ್ತಿರಲಿಲ್ಲ, ಆದರೂ ನೋಡುತ್ತಿದ್ದಳು. ಸೊಸೈಟಿಯಲ್ಲಿ ಸೀಮೆಎಣ್ಣೆ ಅಳೆಯುವಾಗ ಅಳತೆಯ ಡಬ್ಬದ ತಳವನ್ನು ಬೆರಳಿನಿಂದ ತಟ್ಟುತ್ತಿದ್ದಳು. ಕೋಳಿ ಕೊಳ್ಳಲು ಹೋದರೆ ಮಾರುವವನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಗರಿಯ ನಡುವೆ ಊದಿ ಚರ್ಮ ನೋಡುವಳು, ರೆಕ್ಕೆ ಎತ್ತಿ ಮೂಸುವಳು, ಆಮೇಲೆ ಮಾರುವವನ ಮುಖವನ್ನೂ ಅಷ್ಟೇ ಹೊತ್ತು ನೋಡುವಳು.

ಅವಳು ಹುಟ್ಟಿದ್ದು ಕಾವೇರಿ ದಂಡೆಯ ಸೋಸಲೆಯಲ್ಲಿ. ನಂಜನಗೂಡು ತಾಲ್ಲೂಕಿನ ದೇವನೂರಿಗೆ ಚನ್ನಯ್ಯನ ಹೆಂಡತಿಯಾಗಿ ಬಂದಳು. ಬಂದ ಹೊಸದರಲ್ಲಿ ಅತ್ತೆ ಕೊಟ್ಟ ಮೊದಲ ಲೋಟ ಕಾಫಿಯನ್ನೇ ಮೂಸಿ ನೋಡಿದಳು ಎಂದು ಕೇರಿಯ ಹೆಂಗಸರು ಈಗಲೂ ಹೇಳಿಕೊಂಡು ನಗುತ್ತಾರೆ. ಪಾಪಮ್ಮ ಅದನ್ನು ಇಲ್ಲವೆನ್ನುವುದಿಲ್ಲ. "ಮೂಸ್ದೆ ಕನಾ. ಸೀದೋಗಿತ್ತು," ಎನ್ನುತ್ತಾಳೆ.

ಈ ಗುಣದಿಂದ ಕೇರಿಗೆ ಒಂದು ಅನುಕೂಲವೂ ಆಗಿತ್ತು. ಪಾತ್ರೆ ಮಾರುವವನು ಬರಲಿ, ಮಂಡಿನೋವಿನ ಎಣ್ಣೆ ಮಾರುವವನು ಬರಲಿ, ದನದ ಡಾಕ್ಟರ ಕಡೆಯವನೆಂದು ಹೇಳಿಕೊಂಡು ಇನ್ನೊಬ್ಬ ಬರಲಿ, ಜನ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಪಾಪಮ್ಮ ಏನಂದ್ಲು?" ಅವಳು ಸರಿ ಎಂದರೆ ಸರಿ. ಅವಳು ಸರಿ ಎನ್ನಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಅದು ಬೇರೆ ಮಾತು.

ಅವಳ ಒಬ್ಬಳೇ ಮಗಳು ರೋಜಾ. ಆ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗಳು. ಬಿ.ಎಸ್ಸಿ. ಮುಗಿಸಿ, ಟಿ. ನರಸೀಪುರದ ಒಂದು ಖಾಸಗಿ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಹಂಗಾಮಿ ಸಹಾಯಕಿಯಾಗಿ ಸೇರಿದ್ದಳು. ವಾರವೆಲ್ಲ ಸೋಸಲೆಯ ಸೋದರಮಾವನ ಮನೆಯಲ್ಲಿದ್ದು, ಶನಿವಾರ ಸಂಜೆ ದೇವನೂರಿಗೆ ಬರುತ್ತಿದ್ದಳು. ೧೯೯೯ರ ಬೇಸಿಗೆಯಲ್ಲಿ ಹಾಗೆ ಬಂದ ಒಂದು ಶನಿವಾರ ಊಟಕ್ಕೆ ಕೂತಾಗ ಹೇಳಿದಳು:

"ಅವ್ವ, ಇನ್ಮೇಲೆ ಭಾನ್ವಾರ ಭಾನ್ವಾರ ನಂಜನಗೂಡ್ಗೆ ಓಗ್ಬೇಕು. ಟ್ರೈನಿಂಗ್ ಅದೆ."

"ಏನ್ ಟ್ರೈನಿಂಗು?"

ರೋಜಾ ಅನ್ನ ಕಲಸುತ್ತ, "ಕೋಳಿ ಕೂರ್ಸೋದು," ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಅಲ್ಲಿ ಕಲಿಸುವ ಮೇಷ್ಟ್ರು ಆ ಕೆಲಸಕ್ಕೆ ಬಳಸುತ್ತಿದ್ದ ಮಾತೇ ಅದು. ಸತ್ತ ಹಕ್ಕಿಯ ಚರ್ಮವನ್ನು ಗರಿಸಮೇತ ಬಿಡಿಸಿ, ಒಳಗೆ ಹುಲ್ಲು ಹತ್ತಿ ತುಂಬಿ ಹೊಲಿದು, ಮರದ ತುಂಡಿನ ಮೇಲೆ ನಿಜವಾದ ಹಕ್ಕಿಯಂತೆ ನಿಲ್ಲಿಸುವುದಕ್ಕೆ ಅವರು "ಕೂರಿಸುವುದು" ಎನ್ನುತ್ತಿದ್ದರು. ಆದರೆ ದೇವನೂರಿನಲ್ಲಿ ಕೋಳಿ ಕೂರಿಸುವುದಕ್ಕೆ ಇರುವುದು ಒಂದೇ ಅರ್ಥ. ಬುಟ್ಟಿಗೆ ಹುಲ್ಲು ಹಾಸಿ, ಮೊಟ್ಟೆ ಇಟ್ಟು, ಅದರ ಮೇಲೆ ಹ್ಯಾಟೆಯನ್ನು, ಅಂದರೆ ಹೆಣ್ಣುಕೋಳಿಯನ್ನು, ಕಾವಿಗೆ ಕೂರಿಸುವುದು.

ಪಾಪಮ್ಮ ಅನ್ನದ ಕೈ ಎತ್ತಿಕೊಂಡೇ ನಕ್ಕಳು. "ಅದ್ಕೂ ಟ್ರೈನಿಂಗಾ? ಅದೇನ್ ಕಾಲೇಜಲ್ಲಿ ಕಲಿಯಾದು? ನಂಗೊಂದು ಕೆಲ್ಸ ಕೊಡಿ ಅಂತ ಕೇಳು, ನಿಮ್ ಪ್ರಿನ್ಸಿಪಾಲ್ನೂ ಬೇಕಾದ್ರೆ ಕೂರ್ಸ್ತೀನಿ."

"ಅವ್ರದೇ ಒಂದು ಪದ್ಧತಿ ಅದೆ ಕನವ್ವ," ಎಂದು ರೋಜಾ ತಟ್ಟೆಯಿಂದ ತಲೆ ಎತ್ತಲಿಲ್ಲ. ತಾಯಿಯ ತಪ್ಪು ತಿಳಿವಳಿಕೆಯನ್ನು ಅವಳು ತಿದ್ದಲೂ ಇಲ್ಲ. ತಿದ್ದಿದರೆ ಏನಾಗುತ್ತದೆಂಬುದು ಅವಳಿಗೆ ಗೊತ್ತಿತ್ತು.

ಪಾಪಮ್ಮ ಮಗಳ ತರಬೇತಿಯ ವಿಷಯವನ್ನು ಕೇರಿಗೆಲ್ಲ ಹೇಳಿಕೊಂಡು ಬಂದಳು. ಆದರೆ ಅನುಮಾನ ಹುಟ್ಟಲು ಬಹಳ ದಿನ ಬೇಕಾಗಲಿಲ್ಲ. ಕಾವಿಗೆ ಕೂತ ಕೋಳಿಯನ್ನು ಮುಟ್ಟಿ ಬಂದವರ ಮೈಮೇಲೆ ಕೋಳಿಹೇನು ಹರಿಯಬೇಕು. ರೋಜಾಳ ಚೂಡಿದಾರದ ತೋಳನ್ನು ಮಗುಚಿ ನೋಡಿದರೂ ಒಂದು ಹೇನಿಲ್ಲ. ಬದಲಿಗೆ ಕರ್ಪೂರದ ವಾಸನೆ. ಉಗುರಿನ ಸಂದಿಯಲ್ಲಿ ಬಿಳಿಯ ಪುಡಿ.

ಮೂರು ವಾರ ಕಳೆದ ಮೇಲೆ ಪಾಪಮ್ಮ ಕೇಳಿಯೇಬಿಟ್ಟಳು. "ಎಷ್ಟ್ ಮರಿ ಆದೊ?"

"ಇನ್ನೂ ಆಗಿಲ್ಲ."

"ಯಾಕಾಗಿಲ್ಲ? ದಿನ ತುಂಬ್ತಲ್ಲ."

"ಆಯ್ತವೆ ಬುಡವ್ವ."

ದಿನ ತುಂಬಿದರೂ ಮರಿಯಾಗದ ಕೋಳಿ ಎಂಥ ಕೋಳಿ? ಪಾಪಮ್ಮ ಆ ಮಾತನ್ನು ಮನಸ್ಸಿನ ಮೂಲೆಯಲ್ಲಿ ಕಟ್ಟಿಟ್ಟುಕೊಂಡಳು.

ಮುಂದಿನ ಶನಿವಾರ ಅದನ್ನು ಬಿಚ್ಚುವಂತೆ ಮಾಡಿದವನು ಜವರಯ್ಯ. ಅವನು ಬಸ್ ಸ್ಟಾಪಿನ ಬಳಿ ಟೀ ಅಂಗಡಿ ಇಟ್ಟುಕೊಂಡಿದ್ದ. ಸಾಮಾನು ತರಲು ನಂಜನಗೂಡಿಗೆ ಹೋಗಿಬರುತ್ತಿದ್ದವನಿಗೆ ಪೇಟೆಯ ಸುದ್ದಿಯೆಲ್ಲ ತಿಳಿಯುತ್ತಿತ್ತು. ಪಾಪಮ್ಮ ಬೀಡಿ ಕೊಳ್ಳಲು ಹೋದಾಗ ಅವನು ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ ಊರಿ ದನಿ ತಗ್ಗಿಸಿದ.

"ಪಾಪಕ್ಕ, ಏಳ್ತೀನಿ ಅಂತ ಬೇಜಾರ್ ಮಾಡ್ಕಬ್ಯಾಡ. ಓದ್ ಭಾನ್ವಾರ ನಿನ್ ಮಗ್ಳ ಕಂಡೆ. ಕೋಳಿ ಅಂಗ್ಡಿ ಇಂದ್ಗಡೆಯಿಂದ ಸತ್ತೋದ್ ಬ್ರಾಯ್ಲರ್ ಕೋಳಿಯ ಕವರ್ಗಾಕ್ಕಂಡು ಓಯ್ತಿದ್ಲು."

"ಸತ್ತೋದ್ದ?"

"ಲಾರೀಲಿ ಬರೋವಾಗ ಉಸ್ರು ಕಟ್ಟಿ ಸಾಯ್ತವಲ್ಲ, ಅದು. ಅವ್ರ ಮೇಷ್ಟ್ರು ಅದೇ ಬೇಕು ಅಂತಾರಂತೆ. ಜೀವ ಇರದು ಬ್ಯಾಡ್ವಂತೆ. ಆ ಮೇಷ್ಟ್ರು ಯಾರ್ ಗೊತ್ತಾ? ಲಿಂಗಾಯ್ತ್ರು. ಅಣೆ ತುಂಬ ಇಬೂತಿ." ಜವರಯ್ಯ ಇನ್ನೂ ಹತ್ತಿರ ಬಗ್ಗಿದ. "ಅವ್ರು ತಿನ್ನಾಕಿಲ್ಲ. ತಿನ್ನದೋರ್ಗೆ ಕೋಳಿ ಯಾಕ್ ಪಾಪಕ್ಕ?"

ಪಾಪಮ್ಮನಿಗೆ ಮೈ ಉರಿಯಿತು. ಈ ಪ್ರಶ್ನೆಯನ್ನು ತಾನು ಕೇಳಬೇಕಿತ್ತು, ಜವರಯ್ಯ ಕೇಳಿಬಿಟ್ಟನಲ್ಲ ಎಂದು.

ಸಂಜೆ ರೋಜಾ ಬಂದು ಮುಖ ತೊಳೆಯಲು ಹಿತ್ತಲಿಗೆ ಹೋದಾಗ ಪಾಪಮ್ಮ ಅವಳ ಬ್ಯಾಗನ್ನು ಚಾಪೆಯ ಮೇಲೆ ಸುರಿದಳು. ಒಂದು ದಬ್ಬಳ, ಎರಡು ಸೂಜಿ. ಕರಿ ದಾರದ ಉಂಡೆ. ಹತ್ತಿ. ಕರ್ಪೂರ. ಪೊಟ್ಟಣದಲ್ಲಿ ಬಿಳಿ ಪುಡಿ. ಬೆಂಕಿಪೊಟ್ಟಣ ತೆಗೆದರೆ ಒಳಗೆ ಕಡ್ಡಿ ಇರಲಿಲ್ಲ, ಎರಡು ಕರಿಯ ಗಾಜಿನ ಮಣಿ ಇದ್ದವು. ಬೆಳಕಿಗೆ ಅವು ಮಿಣುಕಿ ಅವಳನ್ನೇ ನೋಡಿದಂತಾಯಿತು. ಇವುಗಳಲ್ಲಿ ಒಂದೊಂದೂ ಯಾರ ಮನೆಯಲ್ಲಾದರೂ ಇರುವ ಸಾಮಾನೇ. ಎಲ್ಲವೂ ಒಂದೇ ಕಡೆ, ಸತ್ತ ಕೋಳಿಯ ಜೊತೆ ಸೇರಿದರೆ ಅದಕ್ಕೆ ಆ ಸೀಮೆಯಲ್ಲಿ ಇದ್ದದ್ದು ಒಂದೇ ಹೆಸರು.

ಮುಖ ಒರೆಸಿಕೊಳ್ಳುತ್ತ ಬಂದ ರೋಜಾ ಬಾಗಿಲಲ್ಲೇ ನಿಂತಳು.

"ಯಾರ್ ಮೇಲೆ ಮಾಡ್ಸೋಕೆ ಕಲೀತಾ ಇದೀಯೆ?" ಎಂದಳು ಪಾಪಮ್ಮ.

"ಅವ್ವ, ಮಾಟ ಅಲ್ಲ ಅದು. ಅವು ಕೋಳಿ ಕಣ್ಣು."

"ಕೋಳಿ ಕಣ್ಣು ಬೆಂಕಿಪೊಟ್ಣದೊಳಗೆ ಯಾಕದೆ?"

ಆಗ ರೋಜಾ ಎಲ್ಲವನ್ನೂ ಹೇಳಿದಳು. ಕಾಲೇಜಿನ ಲ್ಯಾಬಿನಲ್ಲಿ ಒಂದು ಗಾಜಿನ ಕಪಾಟಿದೆ. ಅದರೊಳಗೆ ಬಹಳ ಹಿಂದಿನ ಕಾಲದ ಹಕ್ಕಿಗಳಿವೆ. ಹುಳು ಬಿದ್ದು ಗರಿ ಉದುರಿ ಹಾಳಾಗುತ್ತಿವೆ. ಅವನ್ನು ಸರಿಪಡಿಸಿ ನೋಡಿಕೊಳ್ಳುವವರಿಗೆ ಒಂದು ಕಾಯಂ ಹುದ್ದೆ ಇದೆ. ಹುದ್ದೆ ಒಂದು, ಹಂಗಾಮಿಗಳು ಇಬ್ಬರು. ಒಬ್ಬಳು ತಾನು, ಇನ್ನೊಬ್ಬ ಮಲ್ಲಿಕಾರ್ಜುನ್ ಎಂಬ ಹುಡುಗ. ಇಬ್ಬರೂ ನಂಜನಗೂಡಿನಲ್ಲಿ ಕಲಿತು, ಜೂನ್‌ನಲ್ಲಿ ಕಾಲೇಜು ತೆರೆಯುವ ದಿನ ತಮ್ಮ ಕೈಯಾರೆ ಕೂರಿಸಿದ ಒಂದು ಹಕ್ಕಿಯನ್ನು ತಂದು ತೋರಿಸಬೇಕು. ಅದನ್ನು ನೋಡಿ ಒಬ್ಬರನ್ನು ಉಳಿಸಿಕೊಳ್ಳುತ್ತಾರೆ, ಇನ್ನೊಬ್ಬರನ್ನು ಬಿಡಿಸುತ್ತಾರೆ. ಕಾಡುಹಕ್ಕಿ ಮುಟ್ಟುವಂತಿಲ್ಲ, ಅದು ಕಾನೂನು. ಮನೆಯಲ್ಲಿ ಸಾಕಿದ ಕೋಳಿ, ಬಾತು ಇಂಥದ್ದೇ ಆಗಬೇಕು. ಬ್ರಾಯ್ಲರ್ ಕೈ ಪಳಗಲು ಮಾತ್ರ, ಅದಕ್ಕೆ ಗರಿ ಸಾಲದು.

"ಮಲ್ಲಿಕಾರ್ಜುನ್ ಅಂದ್ರೆ ಯಾವ ಪೈಕಿ?" ಎಂದಳು ಪಾಪಮ್ಮ.

"ಲಿಂಗಾಯ್ತ್ರು."

"ಮೇಷ್ಟ್ರೂ ಅವ್ರೇ. ಸರೋಯ್ತು. ನೀನ್ ಹುಲ್ ತುಂಬ್ಕಂಡಿರು."

ಚನ್ನಯ್ಯ ಇಷ್ಟು ಹೊತ್ತು ಜಗಲಿಯಲ್ಲಿ ಕೂತು ಕೇಳುತ್ತಿದ್ದ. ಬುದ್ಧನ ಸಭೆಗಳಿಗೆ ಹೋಗಿಬರುತ್ತಿದ್ದ ಮನುಷ್ಯ. ದೆವ್ವ, ಗಾಳಿ, ಮಾಟ ಇವುಗಳನ್ನೆಲ್ಲ ಮನೆಯಿಂದ ಆಚೆ ಹಾಕಿ ವರ್ಷಗಳಾಗಿದ್ದವು. ಆದರೆ ಅವನ ಮುಖವೂ ಬಿಗಿದಿತ್ತು. ಜವರಯ್ಯ ಟೀಯ ಜೊತೆ ಅವನಿಗೂ ಈ ಸುದ್ದಿ ಕೊಟ್ಟಿದ್ದ.

"ಮಾಟ ಸುಳ್ಳು ಕನಮ್ಮಿ," ಎಂದ ಹೆಂಡತಿಗೆ. "ಜನ ಸುಳ್ಳಲ್ಲ. ನಾಳೆ ಇವ್ಳ ಜೊತೆ ನೀನೂ ಓಗು. ಕಣ್ಣಾರೆ ನೋಡು. ನೀನ್ ಸರಿ ಅಂದ್ರೆ ಊರೂ ಸರಿ ಅಂತದೆ. ನೀನ್ ಬ್ಯಾಡ ಅಂದ್ರೆ ಇವ್ಳು ಕೆಲ್ಸ ಬುಟ್ಟು ಮನೇಲಿರ್ಲಿ."

ರೋಜಾ ತಂದೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಚಾಪೆಯ ಮೇಲಿದ್ದ ಸಾಮಾನನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿಕೊಂಡಳು. ತನ್ನ ಕೆಲಸ ಇನ್ನು ಯಾರ ಬಾಯಿಯ ಮೇಲೆ ನಿಂತಿದೆಯೋ ಆ ಬಾಯಿ ಹುಟ್ಟಿದ ಮೇಲೆ ಒಮ್ಮೆಯಾದರೂ ಮೊದಲ ನೋಟಕ್ಕೆ ಸರಿ ಎಂದದ್ದನ್ನು ಅವಳು ಕೇಳಿರಲಿಲ್ಲ.

ಬೆಳಗಾದಾಗ ಹಿತ್ತಲಲ್ಲಿ ಗಲಾಟೆ. ಮುಂಗುಸಿ ಬಂದು ಕರಿ ಹ್ಯಾಟೆಯ ಕುತ್ತಿಗೆ ಕಚ್ಚಿತ್ತು. ನಾಯಿ ಬೊಗಳಿದ್ದಕ್ಕೆ ಅಲ್ಲೇ ಬಿಟ್ಟು ಓಡಿತ್ತು. ಗಾಯ ಸಣ್ಣದು, ಆದರೆ ಕೋಳಿ ಸತ್ತಿತ್ತು. ಪಾಪಮ್ಮ ಸಾರಿಗೆಂದು ನೀರು ಕಾಯಿಸಲು ಒಲೆ ಹೊತ್ತಿಸುತ್ತಿದ್ದಳು.

"ಅವ್ವ, ಬ್ಯಾಡ. ನಂಗ್ ಕೊಡು," ಎಂದಳು ರೋಜಾ. "ಇದ್ಕಿಂತ ಒಳ್ಳೆ ಹಕ್ಕಿ ಸಿಕ್ಕಾಕಿಲ್ಲ. ಇನ್ನು ಎರಡೇ ಭಾನ್ವಾರ ಇರಾದು."

"ಬ್ಯಾಕಾಗಿದ್ದ ದಿನವೇ ಸರ್ಯಾಗಿ ಸತ್ತದಲ್ಲ," ಎಂದು ಪಾಪಮ್ಮ ಮುಂಗುಸಿ ಹೋದ ದಿಕ್ಕನ್ನೂ ಮಗಳ ಮುಖವನ್ನೂ ನೋಡಿದಳು. ಆದರೂ ಹ್ಯಾಟೆಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಾನೇ ಹಿಡಿದುಕೊಂಡು ಬಸ್ಸು ಹತ್ತಿದಳು.

ತರಬೇತಿ ನಡೆಯುತ್ತಿದ್ದುದು ನಂಜನಗೂಡಿನ ಹಳೆಯ ಅಕ್ಕಿ ಗಿರಣಿಯೊಂದರ ಗೋಡೌನಿನಲ್ಲಿ. ಉದ್ದನೆಯ ಎರಡು ಮೇಜು, ಮೇಲೆ ಹಳೆ ಪೇಪರು. ಸುತ್ತ ಆರೇಳು ಮಂದಿ ಕೂತಿದ್ದರು. ಸುತ್ತಲಿನ ಕಾಲೇಜುಗಳ ಲ್ಯಾಬಿನವರು, ಒಬ್ಬಿಬ್ಬರು ವಿದ್ಯಾರ್ಥಿಗಳು. ಅವರ ಮುಂದೆ ಬಿಳಿಯ ಕೋಳಿಗಳು, ಅಂಗಿ ಕಳಚಿದ ಹಾಗೆ ಚರ್ಮ ಒಳಹೊರಗಾಗಿ ಬಿದ್ದಿದ್ದವು. ಒಬ್ಬಳು ಚರ್ಮದ ಒಳಗಿನ ಕೊಬ್ಬು ಕೆರೆಯುತ್ತಿದ್ದಳು. ಇನ್ನೊಬ್ಬ ಹುಲ್ಲಿನ ಉಂಡೆಗೆ ದಾರ ಬಿಗಿಯುತ್ತಿದ್ದ. ಗೋಡೆಯ ಪಕ್ಕದ ಹಲಗೆಯ ಮೇಲೆ ಮುಗಿದ ಕೋಳಿಗಳು ಸಾಲಾಗಿ ನಿಂತು ಬಾಗಿಲ ಕಡೆಯೇ ನೋಡುತ್ತಿದ್ದವು. ಪಾಪಮ್ಮ ಹೊಸ್ತಿಲು ದಾಟುವ ಮೊದಲು ಅವುಗಳನ್ನು ದಿಟ್ಟಿಸಿದಳು. ಅವು ಕಣ್ಣು ಮಿಟುಕಿಸಲಿಲ್ಲ. ಅವಳೂ ಮಿಟುಕಿಸಲಿಲ್ಲ.

"ಬನ್ನಿ ತಾಯಿ, ರೋಜಾ ಅವರ ತಾಯಿ ಅಲ್ವಾ? ಮೂಗು ನೋಡಿದರೇ ಗೊತ್ತಾಗುತ್ತೆ," ಎಂದು ಎದ್ದು ಬಂದರು ಪುಟ್ಟಬಸವಯ್ಯ. ಮೈಸೂರಿನ ಒಂದು ಮ್ಯೂಸಿಯಂನಲ್ಲಿ ಇದೇ ಕೆಲಸ ಮಾಡಿ ನಿವೃತ್ತರಾದವರು. ಬೆಳ್ಳಗಿನ ಪಂಚೆ, ತೋಳು ಮಡಿಸಿದ ಶರ್ಟು, ಹಣೆಯಲ್ಲಿ ಮೂರು ಗೆರೆ ವಿಭೂತಿ, ಕೈಯಲ್ಲಿ ಕೋಳಿಯ ಕಾಲು.

ಹಳ್ಳಿಯ ಹಳಬರಾದರೆ ಇಂಥ ಮೇಲ್ಜಾತಿಯವರನ್ನು ಕೈಮುಗಿದು "ಬುದ್ದೀ" ಎನ್ನುತ್ತಿದ್ದರು. ಚನ್ನಯ್ಯ ಆ ಮಾತನ್ನು ತನ್ನ ಮನೆಯವರ ಬಾಯಿಂದ ಬಿಡಿಸಿದ್ದ. "ಮೇಷ್ಟ್ರೇ," ಎಂದಳು ಪಾಪಮ್ಮ, "ನೀವು ಕೋಳಿ ತಿಂತೀರಾ?"

ರೋಜಾ ನೆಲ ನೋಡಿದಳು.

"ಮೊಟ್ಟೇನೂ ಮುಟ್ಟಿದೋನಲ್ಲ ತಾಯಿ."

"ಮತ್ತ್ಯಾಕೆ ಇದ್ರ ಸಾವಾಸ?"

"ಹೊಟ್ಟೆಪಾಡಿಗೆ ಕಲಿತೆ. ಆಮೇಲೆ ಬಿಡೋಕಾಗ್ಲಿಲ್ಲ. ನಮ್ಮ ಮನೇಲಿ ಇವತ್ತಿಗೂ ಸ್ನಾನ ಮಾಡದೆ ಒಳಗೆ ಸೇರಿಸಲ್ಲ. ಒಂದೇ ಒಂದು ಕಟ್ಟಳೆ ಇಟ್ಟುಕೊಂಡಿದ್ದೀನಿ. ಇದಕ್ಕೆ ಅಂತ ಜೀವ ತೆಗೆದ ಹಕ್ಕಿ ನಾನು ಮುಟ್ಟಲ್ಲ, ಇಲ್ಲಿ ಯಾರಿಗೂ ಮುಟ್ಟಿಸಲ್ಲ. ತಾನಾಗಿ ಸತ್ತಿರಬೇಕು, ಇಲ್ಲಾ ಆಕಸ್ಮಿಕ ಆಗಿರಬೇಕು."

ಜವರಯ್ಯ ಹೇಳಿದ್ದು ಇದೇ. ಸತ್ತದ್ದೇ ಬೇಕು, ಜೀವ ಇರುವುದು ಬೇಡ. ಪಾಪಮ್ಮ ತಲೆಯಾಡಿಸಿದಳು, ಒಪ್ಪಿ ಅಲ್ಲ.

"ಚರ್ಮ ಇಲ್ಲಿ ಅದೆ. ಬಾಡು ಎಲ್ಲಿ ಓಯ್ತದೆ?"

"ಹಿಂದೆ ಗುಂಡಿ ತೋಡಿದ್ದೀವಿ. ಅದಕ್ಕೆ ಹಾಕಿ ಸುಣ್ಣ ಎರಚ್ತೀವಿ."

"ತೋರ್ಸಿ."

ಪುಟ್ಟಬಸವಯ್ಯ ನಿಜಕ್ಕೂ ಕರೆದುಕೊಂಡು ಹೋಗಿ ತೋರಿಸಿದರು. ಪಾಪಮ್ಮ ಒಂದು ಕೋಲು ತೆಗೆದುಕೊಂಡು ಗುಂಡಿಯನ್ನು ಕೆದಕಿದಳು. ಎದೆಗುಂಡಿಗೆ ಇದೆಯೇ, ಲಿವರ್ ಇದೆಯೇ, ಯಾರಾದರೂ ಏನನ್ನಾದರೂ ಬೇರೆ ಎತ್ತಿಟ್ಟಿದ್ದಾರೆಯೇ ಎಂದು ನೋಡಿದಳು. ಎಲ್ಲ ಇದ್ದವು. ವಾಸನೆಯಂತೂ ಅನುಮಾನಕ್ಕೆ ಎಡೆ ಕೊಡುವಂಥದ್ದಾಗಿರಲಿಲ್ಲ. ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿ ಉಜ್ಜಿದಳು. ಬಿಳಿಗಾರ ಮತ್ತು ಪಟಿಕ, ಹುಳು ಬೀಳದಿರಲಿ ಎಂದು, ಎಂದರು ಮೇಷ್ಟ್ರು. ಟೀ ಬಂದಾಗ ಎಲ್ಲರಿಗೂ ಒಂದೇ ಬಗೆಯ ಲೋಟವೇ ಎಂದು ನೋಡಿದಳು. ಒಂದೇ ಬಗೆಯದು. ತನ್ನ ಲೋಟವನ್ನು ಯಾರು ತೊಳೆಯುತ್ತಾರೆಂದೂ ಕೊನೆಯವರೆಗೆ ನೋಡಿದಳು. ಎಲ್ಲ ಲೋಟಗಳನ್ನೂ ಒಟ್ಟಿಗೆ ಮೇಷ್ಟ್ರೇ ನಲ್ಲಿಯ ಕೆಳಗೆ ಹಿಡಿದರು. ತಪ್ಪು ಹಿಡಿಯಲು ಏನೂ ಸಿಗದೆ ಪಾಪಮ್ಮನಿಗೆ ಇನ್ನಷ್ಟು ಕಸಿವಿಸಿಯಾಯಿತು. ಇಷ್ಟು ನೆಟ್ಟಗಿರುವ ಮನುಷ್ಯ ಇರುತ್ತಾನೆಯೇ?

ಉಳಿದದ್ದು ಆ ಮಲ್ಲಿಕಾರ್ಜುನ್.

ರೋಜಾ ಚಾಕು ಮಸೆಯಲು ಹೊರಗೆ ಹೋಗುವಾಗ ಹ್ಯಾಟೆಯನ್ನು ತಾಯಿಯ ಮಡಿಲಿಗೆ ಕೊಟ್ಟು, "ಇಡ್ಕಂಡಿರು, ನೆಲುಕ್ಕಾಕ್ಬ್ಯಾಡ," ಎಂದು ಹೋದಳು. ಪಾಪಮ್ಮ ಸ್ಟೂಲಿನ ಮೇಲೆ ಕೂತು ಕಿಟಕಿಯ ಕಡೆಗೆ ಕಣ್ಣು ನೆಟ್ಟಳು. ಅಲ್ಲಿ ಮಲ್ಲಿಕಾರ್ಜುನ್ ಗೋಡೆಗೆ ಒರಗಿ ನಿಂತಿದ್ದ. ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದರು. ಗಿರಣಿಯ ಆಚೆ ಲಾರಿ ಹೋದ ಸದ್ದಿನಲ್ಲಿ ಅರ್ಧ ಮಾತು ಮಾತ್ರ ಕೇಳಿಸಿತು. "ನೀನು ಯೋಚನೆ ಮಾಡ್ಬೇಡ. ನಾನು ನೋಡ್ಕೋತೀನಿ."

ಸಿಕ್ಕಿತು, ಎಂದುಕೊಂಡಳು ಪಾಪಮ್ಮ. ನೋಡಿಕೊಳ್ಳುತ್ತಾರಂತೆ. ಹುಡುಗ ತಲೆಯಾಡಿಸುತ್ತಿದ್ದಾನೆ. ಹುದ್ದೆ ಮೊದಲೇ ಮಾತಾಗಿದೆ. ತನ್ನ ಮಗಳು ವಾರ ವಾರ ಬಸ್ಸಿನಲ್ಲಿ ಬಂದು ಸತ್ತ ಕೋಳಿ ಕೆರೆಯುತ್ತಿರುವುದು ಬರಿಯ ಲೆಕ್ಕಕ್ಕೆ. ಮೇಷ್ಟ್ರು ಬಗ್ಗಿ ಹುಡುಗನ ಕಿವಿಯಲ್ಲಿ ಇನ್ನೇನೋ ಅಂದರು. ಪಾಪಮ್ಮ ಅವರ ತುಟಿಗಳ ಮೇಲಿನ ಕಣ್ಣು ತೆಗೆಯಲಿಲ್ಲ.

"ಆಂಟೀ! ಏನ್ ಮಾಡ್ತಿದೀರಾ!"

ಎದುರಿನ ಮೇಜಿನಲ್ಲಿದ್ದ ಅರ್ಪಿತ ಎಂಬ ಹುಡುಗಿ ಕಿರುಚಿದಳು. ಪಾಪಮ್ಮ ಮಡಿಲು ನೋಡಿಕೊಂಡಳು. ಸೀರೆಯ ತುಂಬ ಕರಿಯ ಗರಿ. ಹ್ಯಾಟೆಯ ಎದೆ, ಹೊಟ್ಟೆ ಎರಡೂ ಬೋಳು.

ಸತ್ತ ಕೋಳಿ ಮಡಿಲಿಗೆ ಬಂದರೆ ಪುಕ್ಕ ಕೀಳುವುದೊಂದೇ ಕೆಲಸ ಎಂದು ಆ ಕೈಗಳು ಎಳವೆಯಿಂದ ಕಲಿತಿದ್ದವು. ಕಣ್ಣು ಕಿಟಕಿಯಲ್ಲಿದ್ದಾಗ ಅವು ತಮ್ಮ ಪಾಡಿಗೆ ತಾವು ಹಬ್ಬದ ಅಡುಗೆಗೆ ಕೂತುಬಿಟ್ಟಿದ್ದವು.

ರೋಜಾ ಚಾಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಅಳಲಿಲ್ಲ, ಕೂಗಲಿಲ್ಲ. ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, "ಬೇಕಂತ್ಲೇ ಮಾಡ್ದಾ ಅವ್ವ?" ಎಂದಳು.

ಪಾಪಮ್ಮ ಬಾಯಿ ತೆರೆದಳು. ಜೀವಮಾನವೆಲ್ಲ ಅವಳು ಕೇಳಿದವಳು, ಉಳಿದವರು ಉತ್ತರ ಕೊಟ್ಟವರು. ಆ ಕಡೆಯಿಂದ ಈ ಕಡೆಗೆ ಯಾರೂ ಹೀಗೆ ನೋಡಿರಲಿಲ್ಲ. "ಇಲ್ಲ ಕನ ಕೂಸು," ಎಂದಳು. ತನ್ನ ದನಿ ತನಗೇ ಸುಳ್ಳಿನಂತೆ ಕೇಳಿಸಿತು. ಮಗಳು ನಂಬಿರಲಿಲ್ಲ. ನಂಬದವರ ಮುಖ ಹೇಗಿರುತ್ತದೆಂದು ಪಾಪಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮೇಷ್ಟ್ರೇ," ಎಂದು ಅವಳು ಗಡಬಡಿಸಿ ಎದ್ದಳು, "ನಾಳೆ ಬೆಳಿಗ್ಗೆ ಇನ್ನೊಂದು ತತ್ತೀನಿ. ಕೆಂಪು ಹ್ಯಾಟೆ. ಇದ್ಕಿಂತ ಚೆಂದಾಗದೆ. ಅದೂ ಸತ್ತೋಯ್ತದೆ."

"ನಾಳೆ ಬೆಳಿಗ್ಗೆ ಸಾಯುತ್ತೆ ಅಂತ ನಿಮಗೆ ಇವತ್ತೇ ಹೇಗೆ ಗೊತ್ತು ತಾಯಿ?" ಎಂದರು ಪುಟ್ಟಬಸವಯ್ಯ.

ಗೋಡೌನಿನಲ್ಲಿದ್ದವರೆಲ್ಲ ಪಾಪಮ್ಮನನ್ನು ನೋಡಿದರು. ಗೋಡೆಯ ಪಕ್ಕದ ಕೋಳಿಗಳೂ ನೋಡಿದವು.

ಮಲ್ಲಿಕಾರ್ಜುನ್ ಕಿಟಕಿಯ ಕಡೆಯಿಂದ ಬಂದ. ಮುಖ ಬಿಳಿಚಿಕೊಂಡಿತ್ತು, ಅಂಗಿಯ ಮುಂಭಾಗ ಒದ್ದೆಯಾಗಿತ್ತು. ಅವನು ಹಿಂದೆ ಹೋಗಿ ವಾಂತಿ ಮಾಡಿ ಬಂದಿದ್ದ. ಪ್ರತಿ ಭಾನುವಾರ ಮಾಡುತ್ತಿದ್ದ, ಮೇಷ್ಟ್ರು ಹೀಗೇ ಸಮಾಧಾನ ಹೇಳುತ್ತಿದ್ದರು ಎಂದು ಪಾಪಮ್ಮನಿಗೆ ಆಮೇಲೆ ಅರ್ಪಿತ ಹೇಳಿದಳು. "ರೋಜಾ, ನಮ್ಮ ಪಕ್ಕದ ತೋಟದಲ್ಲಿ ಕೋಳಿ ಸಾಕಿದ್ದಾರೆ. ಯಾವುದಾದ್ರೂ ಸತ್ತರೆ ಕೇಳಿ ತರ್ಲಾ?" ಎಂದ.

"ಬ್ಯಾಡ ಕನಪ್ಪ," ಎಂದಳು ಪಾಪಮ್ಮ ತಟಕ್ಕನೆ. ಎದುರಾಳಿ ಕೊಡುವ ಕೋಳಿಯಲ್ಲಿ ಏನಿರುತ್ತದೋ ಯಾರು ಬಲ್ಲರು.

ರೋಜಾ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹ್ಯಾಟೆಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಬೋಳಾದ ಎದೆಯನ್ನು ನೋಡುತ್ತಿದ್ದಳು. ಬೆನ್ನು, ರೆಕ್ಕೆ, ಬಾಲ, ಕುತ್ತಿಗೆಯ ಗರಿಗಳು ಹಾಗೇ ಇದ್ದವು. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು ಅವಳೆಂದಳು:

"ಸರ್, ಇದನ್ನ ನಿಲ್ಲಿಸೋದು ಬೇಡ. ಕಾವಿಗೆ ಕೂರಿಸೋಣ."

"ಅಂದರೆ?"

"ಕಾವಿಗೆ ಕೂತ ಕೋಳಿ ಹೊಟ್ಟೆ ಗರಿ ಉದುರಿ ಬೋಳೇ ಇರುತ್ತೆ ಸರ್. ಮೊಟ್ಟೆಗೆ ಶಾಖ ತಾಗಲಿ ಅಂತ. ಬುಟ್ಟೀಲಿ ಮೊಟ್ಟೆ ಮೇಲೆ ಕೂರಿಸಿದರೆ ಹೊಟ್ಟೆ ಕಾಣೋದೂ ಇಲ್ಲ. ಕಂಡರೂ ತಪ್ಪಲ್ಲ."

ಪುಟ್ಟಬಸವಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಷ್ಟು ವರ್ಷದಲ್ಲಿ ನಾನು ನಿಂತ ಕೋಳಿ ಮಾಡಿದ್ದೀನಿ, ಹಾರೋ ಕೋಳಿ ಮಾಡಿದ್ದೀನಿ. ಕೂತ ಕೋಳಿ ಮಾಡಿಲ್ಲ. ನೋಡೋಣ ಬನ್ನಿ," ಎಂದು ಉಳಿದವರನ್ನೆಲ್ಲ ಆ ಮೇಜಿಗೆ ಕರೆದರು.

ಅವತ್ತು ಗೋಡೌನಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ರೋಜಾ ಎದೆಯ ಮೇಲೆ ಗೆರೆ ಎಳೆದಂತೆ ಕೊಯ್ದು ಚರ್ಮ ಬಿಡಿಸಿದಳು. ಅರ್ಪಿತ ಪುಡಿ ಹಚ್ಚಿದಳು. ಬೋಳು ಚರ್ಮ ಹರಿಯದಂತೆ ಮೇಷ್ಟ್ರು ಒಳಗಿನಿಂದ ತೆಳುವಾದ ಬಟ್ಟೆ ಅಂಟಿಸಿದರು. ಮಲ್ಲಿಕಾರ್ಜುನ್‌ಗೆ ಮಾಂಸವಿಲ್ಲದ ಕೆಲಸ ಸಿಕ್ಕಿತು, ಹುಲ್ಲಿನ ಉಂಡೆ ಕಟ್ಟುವುದು. ಅದನ್ನು ಅವನು ಬಹಳ ಚೆನ್ನಾಗಿ ಮಾಡಿದ. ಪಾಪಮ್ಮ ಅವನ ಕೈಯಿಂದ ಉಂಡೆಯನ್ನು ಇಸಿದುಕೊಂಡು ಒಳಗೆ ಏನಾದರೂ ಇದೆಯೇ ಎಂದು ಒತ್ತಿ ನೋಡಿದಳು. ಆಮೇಲೆ, "ಕಾವಿನ ಕೋಳಿ ಇಷ್ಟ್ ದುಂಡ್ಗಿರಾಕಿಲ್ಲ, ಚಪ್ಪಟ್ಗೆ ಮೈ ಅರಡ್ಕಂಡು ಕೂತಿರ್ತದೆ," ಎಂದು ತಾನೇ ಕುತ್ತಿಗೆಯ ತಂತಿಯನ್ನು ಕೆಳಗೆ ಒತ್ತಲು ಹೋಗಿ ತಂತಿಯನ್ನು ಮುರಿದಳು. ಮೇಷ್ಟ್ರು ಇನ್ನೊಂದು ತಂತಿ ಕತ್ತರಿಸಿದರು. "ಸಲ್ಪ ಸಲ್ಪವಾಗಿ ತಾಯಿ. ನೀವು ಹೇಳಿ, ನಾನು ಬಗ್ಗಿಸ್ತೀನಿ." ಮುಂದಿನ ಭಾನುವಾರ ಮತ್ತೆ ಬಂದು ಉಳಿದದ್ದನ್ನು ಮುಗಿಸುವುದೆಂದಾಯಿತು.

ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತಿದ್ದರು. "ಕೈ ತಾನಾಗೇ ಓಯ್ತು ಕನ," ಎಂದಳು ಪಾಪಮ್ಮ ದಾರಿಯಲ್ಲಿ. ರೋಜಾ "ಊಂ" ಎಂದಳು. ಆ "ಊಂ" ಎಂಥದೆಂದು ಪಾಪಮ್ಮನಿಗೆ ಗೊತ್ತಿತ್ತು. ತಾನೇ ಎಷ್ಟೋ ಜನಕ್ಕೆ ಕೊಟ್ಟಿದ್ದಳು.

ಮನೆಯಲ್ಲಿ ಚನ್ನಯ್ಯ ಕಾದಿದ್ದ. ಜವರಯ್ಯನೂ ಏನೋ ನೆಪ ಮಾಡಿಕೊಂಡು ಬಂದು ಜಗಲಿಯ ತುದಿಯಲ್ಲಿ ಕೂತಿದ್ದ. ರೋಜಾ ನೇರವಾಗಿ ಒಳಗೆ ಹೋದಳು.

"ಏನಂತೀಯಮ್ಮಿ?" ಎಂದ ಚನ್ನಯ್ಯ.

"ಸರ್ಯಾಗದೆ," ಎಂದಳು ಪಾಪಮ್ಮ. "ಮೇಷ್ಟ್ರು ಸರ್ಯಾಗವ್ರೆ. ಕೆಲ್ಸಾನೂ ಸರ್ಯಾಗದೆ. ಅವ್ಳು ಓಗ್ಲಿ."

ಗಂಡಸರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ಒಂದೇ ದಿನ್ಕಾ?" ಎಂದ ಚನ್ನಯ್ಯ. "ಏನಾರ ಕುಡ್ಸುದ್ರಾ ನಿಂಗೆ?"

"ಟೀ ಕುಡ್ಸುದ್ರು. ಎಲ್ರಿಗೂ ಒಂದೇ ತರದ್ ಲೋಟ. ಲೇ ಜವ್ರಯ್ಯ, ತಿನ್ನದೋರ್ಗೆ ಕೋಳಿ ಯಾಕೆ ಅಂದಲ್ಲ. ನೀನು ಬೀಡಿ ಸೇದಾಕಿಲ್ಲ, ಅಂಗ್ಡೀಲಿ ಬೀಡಿ ಯಾಕ್ ಮಡುಗಿದ್ದೀಯ್ಲಾ?"

ಜವರಯ್ಯ ಎದ್ದು ಪಂಚೆ ಕೊಡವಿಕೊಂಡ. "ನೀನ್ ಸರಿ ಅಂದ್ಮೇಲೆ ಸರಿ ಬುಡು ಪಾಪಕ್ಕ." ಬೆಳಗಾಗುವುದರೊಳಗೆ ಆ ಮಾತು ಅವನ ಬಾಯಿಂದಲೇ ಕೇರಿಯೆಲ್ಲ ಹರಡಿತು.

ಪಾಪಮ್ಮ ಒಳಗೆ ತಿರುಗಿದಾಗ ರೋಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. "ಉಣ್ಣಾಕಿಕ್ತೀನಿ ಬಾ ಅವ್ವ," ಎಂದಳು.

ಜೂನ್‌ನಲ್ಲಿ ಕಾಲೇಜು ತೆರೆದ ದಿನ ಪಾಪಮ್ಮ ಮಗಳ ಜೊತೆ ಟಿ. ನರಸೀಪುರಕ್ಕೆ ಹೋದಳು. ಬುಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. ಕರಿ ಹ್ಯಾಟೆ ಒಣಹುಲ್ಲಿನಲ್ಲಿ ಮೊಟ್ಟೆಗಳ ಮೇಲೆ ಮೈ ಹರಡಿ, ಕುತ್ತಿಗೆ ಒಳಗೆಳೆದುಕೊಂಡು, ಯಾರಾದರೂ ಹತ್ತಿರ ಬಂದರೆ ಕುಕ್ಕುವೆನೆಂಬ ಕೋಪದಲ್ಲಿ ಕೂತಿತ್ತು. ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ ಬುಟ್ಟಿ ಇಟ್ಟಿದ್ದಾಗ ಅಟೆಂಡರ್ ಪುಟ್ಟರಾಜು ಫೈಲು ಹಿಡಿದು ಬಂದ.

"ಯಾರ್ದ್ರೀ ಈ ಕೋಳಿ? ಆಫೀಸ್ ಮುಂದೆ ತಂದು ಕಾವಿಗೆ ಕೂರ್ಸವ್ರಲ್ಲ! ಶೂ! ಶೂ!" ಎಂದು ಫೈಲು ಬೀಸಿದ. ಕೋಳಿ ಏಳದಿದ್ದಾಗ ಇನ್ನೊಮ್ಮೆ ಬೀಸಿದ. ಒಳಗಿನಿಂದ ಪ್ರಿನ್ಸಿಪಾಲರು ಎದ್ದು ಬಂದು ನೋಡಿ ನಕ್ಕರು.

ಮಲ್ಲಿಕಾರ್ಜುನ್ ತಂದಿದ್ದ ಬಾತುಕೋಳಿಯೂ ಚೆನ್ನಾಗಿಯೇ ನಿಂತಿತ್ತು. ಪ್ರಿನ್ಸಿಪಾಲರು ಇಬ್ಬರನ್ನೂ ಲ್ಯಾಬಿಗೆ ಕರೆದುಕೊಂಡು ಹೋಗಿ ಗಾಜಿನ ಕಪಾಟು ತೆಗೆಸಿದರು. ಒಳಗೆ ಒಂದು ಹಳೆಯ ಕೊಕ್ಕರೆ ಪಕ್ಕಕ್ಕೆ ವಾಲಿ ನಿಂತಿತ್ತು. ಮುಟ್ಟಿದರೆ ಗರಿ ಉದುರಿತು. ಕುತ್ತಿಗೆಯ ಹೊಲಿಗೆ ಬಿಚ್ಚಿದ ಕಡೆ ಸಣ್ಣ ಹುಳುಗಳು ಹರಿದಾಡುತ್ತಿದ್ದವು. "ಇದನ್ನ ಹೊಸದಾಗಿ ಮಾಡೋ ಹಾಗಿಲ್ಲ. ಇರೋದನ್ನೇ ಉಳಿಸ್ಕೋಬೇಕು. ಯಾರು ಶುರು ಮಾಡ್ತೀರಿ?" ಎಂದರು.

ಮಲ್ಲಿಕಾರ್ಜುನ್ ಒಂದು ಹೆಜ್ಜೆ ಮುಂದಿಟ್ಟ, ಕೈ ಬಾಯಿಗೆ ಹೋಯಿತು, ಹಾಗೇ ನಿಂತ. ರೋಜಾ ದುಪಟ್ಟಾವನ್ನು ಹಿಂದಕ್ಕೆ ಗಂಟು ಹಾಕಿಕೊಂಡು ಕೊಕ್ಕರೆಯನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲೆ ಮಲಗಿಸಿದಳು. ದಬ್ಬಳದಿಂದ ಹಳೆಯ ದಾರ ಬಿಡಿಸಿ, ಹುಳು ತಿಂದ ಹುಲ್ಲನ್ನು ಎಳೆದೆಳೆದು ಪೇಪರಿನ ಮೇಲೆ ಹಾಕತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳು ಅಲ್ಲಿದ್ದವರನ್ನೆಲ್ಲ ಮರೆತಿದ್ದಳು.

ಪ್ರಿನ್ಸಿಪಾಲರು ನೋಡುತ್ತ ನಿಂತಿದ್ದರು. ಆಮೇಲೆ ಕಪಾಟಿನ ಬೀಗದ ಕೈಯನ್ನು ಮೇಜಿನ ಮೇಲೆ, ರೋಜಾಳ ಮೊಣಕೈಯ ಪಕ್ಕ ಇಟ್ಟರು. "ಇನ್ನು ಇದು ನಿಮ್ಮ ಜವಾಬ್ದಾರಿ ರೋಜಾ. ಇದರ ಕೈ ನಿಮ್ಮ ಹತ್ತಿರವೇ ಇರಲಿ. ಆರ್ಡರ್ ಈ ವಾರದಲ್ಲೇ ಮಾಡಿಸ್ತೀನಿ," ಎಂದರು. ಮಲ್ಲಿಕಾರ್ಜುನ್ ಜೋರಾಗಿ ಉಸಿರು ಬಿಟ್ಟ. ಅದು ಬೇಸರದ್ದೋ ಬಿಡುಗಡೆಯದೋ ತಿಳಿಯುವಂತಿರಲಿಲ್ಲ.

ರೋಜಾಳ ಕೈಯೆಲ್ಲ ಧೂಳು, ಹುಳು. ಪಾಪಮ್ಮ ಮುಂದೆ ಬಂದು ಬೀಗದ ಕೈ ಎತ್ತಿಕೊಂಡಳು. ಕಪಾಟಿಗೆ ಹಾಕಿ ಬೀಗ ತೆಗೆದಳು, ಹಾಕಿದಳು, ಎಳೆದು ನೋಡಿದಳು. ಸೆರಗಿನ ತುದಿಯಲ್ಲಿ ಗಂಟು ಹಾಕಿ, ಪ್ರಿನ್ಸಿಪಾಲರ ಕಡೆ ತಿರುಗಿದಳು.

"ಸಾ, ಬೀಗ ತಗಂಡ್ರೆ ಎಲ್ಡು ಕೈ ಕೊಡ್ತಾರೆ. ಇನ್ನೊಂದು ಯಾರ ತಾವ ಅದೆ?"

"ಅವ್ವ!" ಎಂದಳು ರೋಜಾ ಕೊಕ್ಕರೆಯಿಂದ ತಲೆ ಎತ್ತಿ. ಆದರೆ ಅವಳೂ ಉತ್ತರಕ್ಕಾಗಿ ಪ್ರಿನ್ಸಿಪಾಲರ ಮುಖವನ್ನೇ ನೋಡುತ್ತಿದ್ದಳು.

ಪ್ರಿನ್ಸಿಪಾಲರು ಜೇಬಿಗೆ ಕೈ ಹಾಕಿದರು.